ರಂಗೋಲಿಯ ಚುಕ್ಕಿ, ಗುಡಿಯ ಅಳತೆ

(ನವರಾತ್ರಿ ಉತ್ಸವದ ರಂಗೋಲಿ ಸ್ಪರ್ಧೆಯ ಬಹುಮಾನ ವಿತರಣಾ ಸಮಾರಂಭದಲ್ಲಿ ದೇವಸ್ಥಾನದ ಟ್ರಸ್ಟಿಯೊಬ್ಬರು ಮಾಡಿದ ಭಾಷಣ)





ನಾನು ವಿದ್ವಾಂಸನಲ್ಲ. ಎಸ್ಸೆಸ್ಸೆಲ್ಸಿ ತನಕ ಓದಿ ಅಂಗಡಿಯ ಗಾದಿಯ ಮೇಲೆ ಕುಳಿತವನು. ಸೀರೆ, ಖಣದ ವ್ಯಾಪಾರ ನನ್ನ ಕಸುಬು. ಮೊಳ, ಗಜ, ಮೀಟರು ಇವೇ ನನ್ನ ಗಣಿತ. ಸಮಿತಿಯವರು ‘ಕಲೆ ಮತ್ತು ಭಕ್ತಿ’ ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಬೇಕೆಂದು ಅಪ್ಪಣೆ ಮಾಡಿದರು. ಭಕ್ತಿಯ ಬಗ್ಗೆ ಮಾತನಾಡಲು ನನಗಿಂತ ಹಿರಿಯರು ಇಲ್ಲಿದ್ದಾರೆ. ಆದುದರಿಂದ ನಾನು ಕಲೆಯ ಜೊತೆಗೆ ನನಗೆ ಸ್ವಲ್ಪ ಪರಿಚಯವಿರುವ ಲೆಕ್ಕವನ್ನು ಸೇರಿಸಿಕೊಂಡು ಮಾತನಾಡುತ್ತೇನೆ. ನಮ್ಮ ಅಂಗಳದ ರಂಗೋಲಿಯಿಂದ ಹಿಡಿದು ಗುಡಿಯ ಶಿಖರದವರೆಗೆ ಕಣ್ಣಿಗೆ ಚಂದವಾಗಿ ಕಾಣುವುದರ ಬುಡದಲ್ಲೆಲ್ಲ ಲೆಕ್ಕ ಕುಳಿತಿದೆ. ಆ ಲೆಕ್ಕವನ್ನು ನಾವು ಮರೆತರೆ ಚಂದವೂ ಉಳಿಯುವುದಿಲ್ಲ. ಇದೇ ಇವತ್ತಿನ ನನ್ನ ಮಾತು.

ಅಂಗಳದ ಚುಕ್ಕಿ

ಚುಕ್ಕಿ ಇಡುವುದರಲ್ಲಿ ಎರಡು ಪದ್ಧತಿ ಇವೆಯೆಂದು ತಾಯಂದಿರಿಗೆಲ್ಲ ಗೊತ್ತು. ನೇರ ಚುಕ್ಕಿಯಲ್ಲಿ ಒಂದರ ಕೆಳಗೆ ಒಂದು ಚುಕ್ಕಿ ಬರುತ್ತದೆ. ಸಂದು ಚುಕ್ಕಿಯಲ್ಲಿ ಮೇಲಿನ ಸಾಲಿನ ಎರಡು ಚುಕ್ಕಿಗಳ ಸಂದಿನಲ್ಲಿ ಕೆಳಗಿನ ಸಾಲಿನ ಚುಕ್ಕಿ ಕೂಡುತ್ತದೆ. ‘7ರಿಂದ 4 ಸಂದು ಚುಕ್ಕಿ’ ಎಂದರೆ ನಡುವಿನ ಸಾಲಿನಲ್ಲಿ 7, ಅದರ ಮೇಲೂ ಕೆಳಗೂ 6, 5, 4.

ಈ ಚುಕ್ಕಿಗಳನ್ನು ಕೂಡಿಸಿ ನೋಡಿರಿ. 4, 5, 6, 7, 6, 5, 4. ಒಟ್ಟು 37 ಆಯಿತು. ಈಗ ನಡುವಿನ ಒಂದೇ ಚುಕ್ಕಿಯಿಂದ ಪ್ರಾರಂಭಿಸೋಣ. ಒಂದು ಚುಕ್ಕಿಯ ಸುತ್ತ 6 ಚುಕ್ಕಿ ಸರಿಯಾಗಿ ಕೂಡುತ್ತವೆ, ಒಟ್ಟು 7. ಅದರ ಸುತ್ತ 12 ಇಟ್ಟರೆ 19. ಅದರ ಸುತ್ತ 18 ಇಟ್ಟರೆ 37. ಪ್ರತಿ ಸುತ್ತಿಗೂ ಹಿಂದಿನ ಸುತ್ತಿಗಿಂತ 6 ಹೆಚ್ಚು. ನಾಲ್ಕು ಸುತ್ತಿನದಕ್ಕೆ 61, ಐದಕ್ಕೆ 91, ಆರಕ್ಕೆ 127, ಏಳಕ್ಕೆ 169. ಈ 169 ಎಂದರೆ ನೀವು ಹಬ್ಬದ ದಿನ ಇಡುವ ‘15ರಿಂದ 8’ರ ದೊಡ್ಡ ರಂಗೋಲಿ. 169 ಎಂದರೆ 13 ಹದಿಮೂರಲೇ. ಆರು ಮೂಲೆಯಾಗಿ ಇಟ್ಟ ಅಷ್ಟೂ ಚುಕ್ಕಿಗಳನ್ನು ಎತ್ತಿ ಚೌಕವಾಗಿ ಇಟ್ಟರೂ 13 ಸಾಲಿಗೆ 13ರಂತೆ ಒಂದೂ ಉಳಿಯದೆ ಒಂದೂ ಕಡಿಮೆ ಬೀಳದೆ ಕೂಡುತ್ತವೆ.

ಇನ್ನೂ ಒಂದು ಸೋಜಿಗ ಇದೆ. ಈ ಸಂಖ್ಯೆಗಳನ್ನೇ ಒಂದರ ಮೇಲೊಂದು ಕೂಡಿಸುತ್ತ ಹೋಗಿರಿ. 1 ಮತ್ತು 7 ಕೂಡಿದರೆ 8. ಅದಕ್ಕೆ 19 ಕೂಡಿದರೆ 27. ಅದಕ್ಕೆ 37 ಕೂಡಿದರೆ 64. ಶಾಲೆಯ ಮಕ್ಕಳು ಈಗಲೇ ಬಾಯಿ ಬಿಟ್ಟಿದ್ದಾರೆ, ಅವರಿಗೆ ಗೊತ್ತಾಯಿತು. 8 ಎರಡರ ಘನ, 27 ಮೂರರ ಘನ, 64 ನಾಲ್ಕರ ಘನ. ಇದಕ್ಕೆ ಕಾರಣವೂ ಸರಳವಾಗಿದೆ. ಒಂದು ಚೌಕ ಪೆಟ್ಟಿಗೆಯನ್ನು ಅದರ ಮೂಲೆಯ ನೇರಕ್ಕೆ ಹಿಡಿದು ನೋಡಿದರೆ ಮೂರು ಮುಖ ಕಾಣುತ್ತವೆ, ಹೊರಗಿನ ಅಂಚು ಆರು ಮೂಲೆಯದಾಗಿ ಕಾಣುತ್ತದೆ. ನಿಮ್ಮ ಸಂದು ಚುಕ್ಕಿಯ ರಂಗೋಲಿ ಎಂದರೆ ಅಂಥ ಪೆಟ್ಟಿಗೆಯ ಒಂದು ಹೊರಪದರು. ಪದರಿನ ಮೇಲೆ ಪದರು ಕೂಡಿದರೆ ಪೆಟ್ಟಿಗೆ ತುಂಬುತ್ತದೆ.

ನೇರ ಚುಕ್ಕಿಯಲ್ಲೂ ಲೆಕ್ಕ ಇದ್ದೇ ಇದೆ. ‘7ರಿಂದ 1’ ಇಟ್ಟರೆ 1, 3, 5, 7, 5, 3, 1, ಒಟ್ಟು 25. ಮೇಲಿನ ಭಾಗ 1, 3, 5, 7 ಕೂಡಿದರೆ 16, ಅಂದರೆ ನಾಲ್ಕು ನಾಕಲೇ. ಕೆಳಗಿನ 5, 3, 1 ಕೂಡಿದರೆ 9, ಅಂದರೆ ಮೂರು ಮೂರಲೇ. 16 ಮತ್ತು 9 ಕೂಡಿದರೆ 25, ಐದು ಐದಲೇ. ಈ ಮೂರು, ನಾಲ್ಕು, ಐದು ನಮ್ಮ ಗೌಂಡಿಗಳಿಗೆಲ್ಲ ಗೊತ್ತು. ಪಾಯ ತೆಗೆಯುವಾಗ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ, ಎರಡರ ನಡುವೆ ದಾರ ಹಿಡಿದರೆ ಸರಿಯಾಗಿ 5 ಅಡಿ ಬರಬೇಕು. ಬಂದರೆ ಮೂಲೆ ಗುಣ್ಯಾದಲ್ಲಿದೆ, ಬರದಿದ್ದರೆ ಗೋಡೆ ಓರೆಯಾಗುತ್ತದೆ. ಯಜ್ಞದ ವೇದಿ ಕಟ್ಟುವುದಕ್ಕಾಗಿ ಬರೆದ ಬೌಧಾಯನ ಶುಲ್ಬಸೂತ್ರದಲ್ಲಿ ಈ ನಿಯಮ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಬಂದಿದೆ. ಶುಲ್ಬ ಎಂದರೆ ಹಗ್ಗ.

ಈ ಮಾತನ್ನು ಇಷ್ಟು ವಿಸ್ತಾರವಾಗಿ ಹೇಳಲು ಒಂದು ಕಾರಣವಿದೆ. ಇವತ್ತು ಮುಂಜಾನೆ ಸ್ಪರ್ಧೆ ನಡೆದಾಗ ಒಬ್ಬ ಹುಡುಗಿ ಪುಸ್ತಕ ನೋಡದೆ, ಅಳಿಸದೆ, ‘15ರಿಂದ 8’ ಚುಕ್ಕಿ ಇಟ್ಟಳು. ಪಕ್ಕದಲ್ಲಿ ನಿಂತಿದ್ದ ಆಕೆಯ ತಾಯಿ ನನಗೆ, “ಅಣ್ಣಾರ, ಇಕಿ ಕೈಯೇನೋ ಚಲೋ ಐತ್ರಿ, ಆದ್ರ ಗಣಿತದಾಗ ಭಾಳ ಹಿಂದ. ಹತ್ತನೇತ್ತಾ ಮುಗದ ಮ್ಯಾಲ ಸಾಲಿ ಬಿಡಸೂದು ಅಂತಾರ್ರಿ ಇವರಪ್ಪ” ಅಂದರು. 169 ಚುಕ್ಕಿಯನ್ನು ಒಂದೂ ತಪ್ಪದೆ ಇಟ್ಟ ಕೈಗೆ ಗಣಿತ ಬರುವುದಿಲ್ಲ ಎಂದರೆ ನಾನು ಹೇಗೆ ನಂಬಲಿ? ಆಕೆಗೆ ಬರದಿರುವುದು ಪುಸ್ತಕದಲ್ಲಿ ಬರೆದಿರುವ ರೀತಿ. ಗಣಿತ ಆಕೆಯ ಬೆರಳಿನಲ್ಲೇ ಇದೆ. ಅದನ್ನು ಇದಕ್ಕೆ ಜೋಡಿಸಿ ಹೇಳುವವರು ಬೇಕು.

ಒಂದೇ ಎಳೆಯ ರಂಗೋಲಿ

ಚುಕ್ಕಿಯ ಸುತ್ತ ಬಳ್ಳಿಯಂತೆ ಎಳೆ ಸುತ್ತಿಸಿ, ಕೈ ಎತ್ತದೆ ಪ್ರಾರಂಭಿಸಿದಲ್ಲಿಗೇ ತಂದು ಮುಗಿಸುವ ರಂಗೋಲಿ ಇದೆಯಲ್ಲ, ಅದರಲ್ಲಿ ಒಂದು ಗುಟ್ಟಿದೆ. ಉದ್ದಕ್ಕೂ ಅಡ್ಡಕ್ಕೂ ನೇರ ಚುಕ್ಕಿ ಇಟ್ಟು, ಎಳೆಯನ್ನು ಓರೆಯಾಗಿ ಚುಕ್ಕಿಗಳ ನಡುವೆ ಸಾಗಿಸಿ, ಅಂಚಿಗೆ ಬಂದಾಗ ಮಾತ್ರ ತಿರುಗಿಸಬೇಕು. 3 ಸಾಲಿಗೆ 5 ಚುಕ್ಕಿಯಂತೆ ಇಟ್ಟರೆ ಒಂದೇ ಎಳೆಯಲ್ಲಿ ಎಲ್ಲ ಚುಕ್ಕಿಗಳನ್ನು ಸುತ್ತಿ ಬರಬಹುದು. 4 ಸಾಲಿಗೆ 6 ಇಟ್ಟರೆ ಏನು ಮಾಡಿದರೂ ಎರಡು ಎಳೆ ಬೇಕಾಗುತ್ತವೆ. 3 ಸಾಲಿಗೆ 3 ಇಟ್ಟರೆ ಮೂರು ಎಳೆ. ಎಷ್ಟು ಎಳೆ ಬೇಕೆಂಬುದು ಆ ಎರಡು ಸಂಖ್ಯೆಗಳ ಮ.ಸಾ.ಅ., ಅಂದರೆ ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ. 3 ಮತ್ತು 5ಕ್ಕೆ ಅದು 1, 4 ಮತ್ತು 6ಕ್ಕೆ 2. ಮಕ್ಕಳು ಶಾಲೆಯಲ್ಲಿ ಬೇಸರದಿಂದ ಬಿಡಿಸುವ ಮ.ಸಾ.ಅ. ಲೆಕ್ಕದ ಉತ್ತರ ಅವರ ಅಂಗಳದಲ್ಲೇ ಬಿದ್ದಿರುತ್ತದೆ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ತಮಿಳುನಾಡಿನ ಕೋಲಂ, ಅಂದರೆ ಅಲ್ಲಿಯ ರಂಗೋಲಿಯನ್ನು ಕಂಪ್ಯೂಟರಿನ ಭಾಷೆಗೆ ಅಳವಡಿಸುವ ಅಭ್ಯಾಸ ಮಾಡಿದರು. ನಮ್ಮ ಹೆಣ್ಣುಮಕ್ಕಳು ಮುಂಜಾನೆ ಸಗಣಿ ನೀರು ಚಿಮುಕಿಸಿದ ನೆಲದ ಮೇಲೆ ಮಾಡುವ ಕೆಲಸ ಹೀಗೆ ಪಂಡಿತರ ಅಭ್ಯಾಸದ ವಿಷಯವಾಯಿತು.

ಸೀರೆಯ ಲೆಕ್ಕ

ಇನ್ನು ನನ್ನ ಅಂಗಡಿಯ ಮಾತಿಗೆ ಬರುತ್ತೇನೆ. ಗಡಹಿಂಗ್ಲಜ ಕಡೆಯ ಒಬ್ಬ ಅಜ್ಜಿ ಒಮ್ಮೆ ತಮ್ಮ ಹಳೆಯ ಇಳಕಲ್ಲ ಸೀರೆ ತಂದಿದ್ದರು. ಸೆರಗಿನ ಮೇಲೆ ಕಸೂತಿಯ ತೇರು, ಗೋಪುರ, ಆನೆ, ತುಳಸಿ ವೃಂದಾವನ. ನಾನು ಮಗುಚಿ ನೋಡಿದೆ. ತೇರಿನ ಮೇಲ್ಮೈ ಯಾವುದು, ಒಳಮೈ ಯಾವುದು ತಿಳಿಯಲಿಲ್ಲ. ಗಂಟು ಎಲ್ಲಿಯೂ ಇಲ್ಲ. ಕೇಳಿದರೆ ಅಜ್ಜಿ, “ಎಳಿ ಎಣಸಿ ಹಾಕಬೇಕು ತಮ್ಮಾ. ಒಂದು ಎಳಿ ತಪ್ಪಿದ್ರ ತೇರು ಸೊಟ್ಟ ಆಗ್ತದ” ಅಂದರು.

ಕಸೂತಿಯಲ್ಲಿ ಗಾವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ, ಎಳೆ ಎಣಿಸುವುದೇ ದಾರಿ. ಗಾವಂತಿಯಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಮರಳಿ ಬರುವಾಗ ಬಿಟ್ಟ ಸಂದುಗಳು ತುಂಬುತ್ತವೆ. ಅದರಿಂದ ಎರಡೂ ಮೈ ಒಂದೇ ಸಮ ಕಾಣುತ್ತವೆ. ಚಿತ್ರದಲ್ಲಿ ಕವಲು ಬಂದರೆ ಕವಲಿನ ತುದಿಯವರೆಗೂ ಹೋಗಿ ಮರಳಿ ಬರಬೇಕು. ಎಲ್ಲಿಂದ ಹೊರಟು ಎಲ್ಲಿ ತಿರುಗಬೇಕು ಎಂಬುದನ್ನು ಹೊಲಿಯುವವಳು ಮೊದಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿರಬೇಕು.

ಯುರೋಪಿನ ದೊಡ್ಡ ಗಣಿತಜ್ಞ ಆಯ್ಲರ್ 1736ರಲ್ಲಿ ಇಂಥದೇ ಒಂದು ಪ್ರಶ್ನೆಯನ್ನು ಬಿಡಿಸಿದ. ಕೋನಿಗ್ಸ್‌ಬರ್ಗ್ ಎಂಬ ಊರಿನಲ್ಲಿ ಹೊಳೆಗೆ ಏಳು ಸೇತುವೆ. ಪ್ರತಿಯೊಂದನ್ನೂ ಒಂದೇ ಸಲ ದಾಟಿ ಊರು ಸುತ್ತಬಹುದೇ ಎಂಬುದು ಪ್ರಶ್ನೆ. ಆಗುವುದಿಲ್ಲ ಎಂದು ಅವನು ತೋರಿಸಿದ. ಹೊರಟಲ್ಲಿಗೇ ಬರಬೇಕಾದರೆ ಪ್ರತಿ ಕೂಡುದಾರಿಯಲ್ಲಿ ಸೇರುವ ದಾರಿಗಳು ಸಮಸಂಖ್ಯೆಯಲ್ಲಿರಬೇಕು, ಏಕೆಂದರೆ ಒಳಗೆ ಬಂದಷ್ಟು ಸಲ ಹೊರಗೆ ಹೋಗಬೇಕು. ಕಸೂತಿಯಲ್ಲಿ ಪ್ರತಿ ಗೆರೆಯ ಮೇಲೂ ಎರಡು ಸಲ, ಹೋಗುವಾಗ ಒಮ್ಮೆ ಬರುವಾಗ ಒಮ್ಮೆ, ದಾರ ಓಡುತ್ತದೆ. ಹೀಗಾಗಿ ಎಲ್ಲ ಕೂಡುಗಳಲ್ಲೂ ಸಂಖ್ಯೆ ಸಮವೇ ಆಗುತ್ತದೆ, ಎಂಥ ತೇರಾದರೂ ದಾರ ಹೊರಟಲ್ಲಿಗೆ ಮರಳುತ್ತದೆ. ಅಜ್ಜಿಯ ಸೂಜಿಯೂ ಆಯ್ಲರನ ಲೇಖನಿಯೂ ಒಂದೇ ನಿಯಮದ ಮೇಲೆ ನಡೆದವು.

ಇಚಲಕರಂಜಿಯವರಿಗೆ ನೇಯ್ಗೆಯ ಬಗ್ಗೆ ನಾನು ಹೇಳುವುದೇನಿದೆ? 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಪವರ್‌ಲೂಮ್ ತಂದು ಹಾಕಿದ ಊರು ಇದು. ಸೀರೆಯ ದಡಿಯಲ್ಲಿ ಹೂವು ಬರಬೇಕಾದರೆ ಪ್ರತಿ ಹೊಕ್ಕಿಗೂ ಹಾಸಿನ ಯಾವ ಎಳೆ ಏಳಬೇಕು, ಯಾವುದು ಕೆಳಗೆ ಇರಬೇಕು ಎಂಬುದು ನಿಶ್ಚಯವಾಗಿರಬೇಕು. ಮೊದಲು ಚೌಕುಳಿ ಕಾಗದದ ಮೇಲೆ ಮನೆ ತುಂಬಿ ನಕ್ಷೆ ಮಾಡುತ್ತಾರೆ. ಫ್ರಾನ್ಸಿನ ಜಕಾರ್ಡ್ 1804ರ ಸುಮಾರಿಗೆ ಆ ನಕ್ಷೆಯನ್ನು ತೂತು ಹೊಡೆದ ರಟ್ಟುಗಳಿಗೆ ಇಳಿಸಿದ. ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಹೌದು, ಇಲ್ಲ ಎಂಬ ಎರಡೇ ಮಾತಿನಲ್ಲಿ ಇಡೀ ಹೂವು ಮುಗಿಯಿತು. ಲೆಕ್ಕದ ಯಂತ್ರ ಮಾಡಹೊರಟ ಇಂಗ್ಲೆಂಡಿನ ಬ್ಯಾಬೇಜ್ ಈ ರಟ್ಟಿನ ಉಪಾಯವನ್ನೇ ಎತ್ತಿಕೊಂಡ. ಇಂದಿನ ಕಂಪ್ಯೂಟರಿನ ಒಂದು ಮತ್ತು ಸೊನ್ನೆ ಅದೇ ಜಾತಿಯವು. ನಮ್ಮ ಮಾತಿನಲ್ಲಿ ಒಂದರೊಳಗೊಂದು ಬೆರೆತದ್ದಕ್ಕೆ ‘ಹಾಸುಹೊಕ್ಕು’ ಎನ್ನುತ್ತೇವೆ. ಗಣಿತವೂ ಕಲೆಯೂ ಮಗ್ಗದ ಮೇಲೆ ಹಾಗೆಯೇ ಹಾಸುಹೊಕ್ಕಾಗಿವೆ.

ಮೂರ್ತಿಯ ಅಳತೆ

ನಮ್ಮ ಶಿಲ್ಪಿಗಳು ಕಲ್ಲಿಗೆ ಉಳಿ ಮುಟ್ಟಿಸುವ ಮೊದಲು ದಾರ ಹಿಡಿಯುತ್ತಿದ್ದರು. ಮೂರ್ತಿಯ ಮುಖದ ಉದ್ದ ಒಂದು ತಾಳ. ಒಂದು ತಾಳಕ್ಕೆ 12 ಅಂಗುಲ. ನವತಾಳದ ಮೂರ್ತಿ ಎಂದರೆ 9 ಹನ್ನೆರಡಲೇ 108 ಅಂಗುಲ. ಈ ಅಂಗುಲ ನಮ್ಮ ಅಂಗಡಿಯ ಪಟ್ಟಿಯ ಇಂಚಲ್ಲ. ಮೂರ್ತಿ ಎಷ್ಟೇ ಎತ್ತರವಿರಲಿ, ಅದರ ಎತ್ತರವನ್ನು 108 ಪಾಲು ಮಾಡಿದರೆ ಬರುವ ಒಂದು ಪಾಲೇ ಆ ಮೂರ್ತಿಯ ಅಂಗುಲ. ಅದರಿಂದಲೇ ಅಂಗೈಯಲ್ಲಿ ಹಿಡಿಯುವ ಪಂಚಲೋಹದ ಮೂರ್ತಿಯೂ ಆಳೆತ್ತರದ ಕಲ್ಲಿನ ಮೂರ್ತಿಯೂ ಒಂದೇ ತಾಯಿಯಂತೆ ಕಾಣುತ್ತವೆ. ಗಣಪತಿಯಂಥ ಗಿಡ್ಡ ಮೈಕಟ್ಟಿನ ದೇವರಿಗೆ ಐದು ತಾಳದ ಅಳತೆ. ಅಳತೆ ಬದಲಾದರೆ ದೇವರ ಭಾವವೇ ಬದಲಾಗುತ್ತದೆ.

ಕೊಲ್ಲಾಪುರವನ್ನು ಕಲಾಪುರ ಎಂದು ಕರೆಯುವ ರೂಢಿಯಿದೆ. ಆ ಊರಿನ ಬಾಬುರಾವ್ ಪೇಂಟರ್ (1890-1954) ಸಿನೆಮಾಕ್ಕೆ ಬರುವ ಮೊದಲು ನಾಟಕ ಕಂಪನಿಗಳಿಗೆ ಪರದೆ ಬರೆದವರು. ಪರದೆಯ ಮೇಲಿನ ಅರಮನೆಯ ಓಣಿ ಆಳವಾಗಿ ಒಳಗೆ ಹೋದಂತೆ ಕಾಣಬೇಕಾದರೆ ದೂರ ಹೋಗುವ ಗೆರೆಗಳೆಲ್ಲ ಒಂದು ಬಿಂದುವಿನಲ್ಲಿ ಕೂಡಬೇಕು, ಕಂಬಗಳು ಲೆಕ್ಕಪ್ರಕಾರ ಗಿಡ್ಡವಾಗುತ್ತ ಹೋಗಬೇಕು. ಇಟಲಿಯ ಆಲ್ಬರ್ಟಿ 1435ರಲ್ಲಿ ಬರೆದಿಟ್ಟ ನಿಯಮ ಅದು. ಬಟ್ಟೆಯ ಮೇಲೆ ಆಳ ತೋರಿಸುವುದು ಬಣ್ಣದಿಂದಷ್ಟೇ ಆಗುವ ಕೆಲಸವಲ್ಲ, ಪಟ್ಟಿ ಹಿಡಿದು ಗೆರೆ ಎಳೆಯಲೇಬೇಕು.

ಖಿದ್ರಾಪುರದ ಬೆಳಕು

ಶಿರೋಳ ತಾಲೂಕಿನ ಖಿದ್ರಾಪುರದ ಕೋಪೇಶ್ವರನನ್ನು ತಾವು ಬಹಳಷ್ಟು ಜನ ನೋಡಿದ್ದೀರಿ. ಕೃಷ್ಣೆಯ ದಂಡೆಯ ಮೇಲಿನ ಈ ಗುಡಿ ಶಿಲಾಹಾರರ, ಯಾದವರ ಕಾಲದ್ದು. ಅಲ್ಲಿಯ ಶಾಸನಗಳಲ್ಲಿ ಹೆಚ್ಚಿನವು ಹಳಗನ್ನಡದಲ್ಲಿವೆ. ಗುಡಿಯ ಮುಂದಿರುವುದು ಸ್ವರ್ಗಮಂಟಪ, ಅದಕ್ಕೆ 48 ಕಂಬ. ನಡುವಿನಲ್ಲಿ ಛತ್ತು ಇಲ್ಲ, ದುಂಡಗೆ ಆಕಾಶಕ್ಕೆ ತೆರೆದಿದೆ. ಆ ತೆರಪಿನ ಸುತ್ತ 12 ಕಂಬ, ಅದರ ಕೆಳಗೆ ನೆಲದಲ್ಲಿ ದುಂಡಗಿನ ದೊಡ್ಡ ಕಲ್ಲು.

ದುಂಡಿನ ಸುತ್ತ 12 ಕಂಬವನ್ನು ಒಂದೇ ಅಂತರದಲ್ಲಿ ನಿಲ್ಲಿಸುವುದು ಹೇಗೆ? ಒಂದು ಗೂಟ, ಒಂದು ಹಗ್ಗ ಸಾಕು. ಗೂಟಕ್ಕೆ ಹಗ್ಗ ಕಟ್ಟಿ ದುಂಡು ಎಳೆಯಬೇಕು. ಅದೇ ಹಗ್ಗದ ಅಳತೆಯನ್ನು ದುಂಡಿನ ಮೇಲೆ ಹಾಕುತ್ತ ಹೋದರೆ ಆರನೆಯ ಸಲಕ್ಕೆ ಮೊದಲಿನ ಗುರುತಿಗೇ ಬಂದು ಕೂಡುತ್ತದೆ. ಪ್ರತಿ ಸಂದನ್ನು ಎರಡು ಪಾಲು ಮಾಡಿದರೆ 12 ಆಯಿತು. ಒಂದು ಚುಕ್ಕಿಯ ಸುತ್ತ 6 ಚುಕ್ಕಿ ಕೂಡುತ್ತವೆ ಎಂದು ಆಗ ಹೇಳಿದೆನಲ್ಲ, ಅದೇ ಆರು ಇದು. ಅಂಗಳದ ರಂಗೋಲಿಗೂ ಕಲ್ಲಿನ ಮಂಟಪಕ್ಕೂ ಬುನಾದಿ ಒಂದೇ. ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪನ ಗುಡಿಯಲ್ಲಿ ಇದೇ ಹಗ್ಗದ ಲೆಕ್ಕ ಇನ್ನೊಂದು ರೂಪ ತಾಳಿದೆ. ಒಂದೇ ಚೌಕವನ್ನು 15 ಡಿಗ್ರಿಯಂತೆ ತಿರುಗಿಸುತ್ತ ಆರು ಸಲ ಇಟ್ಟರೆ 24 ಮೂಲೆಯ ನಕ್ಷತ್ರ ಬರುತ್ತದೆ. ಆ ಗುಡಿಯ ತಳವಿನ್ಯಾಸ ಅಂಥದು.

ಕಾರ್ತಿಕ ಹುಣ್ಣಿಮೆಯ ನಡುರಾತ್ರಿ ಖಿದ್ರಾಪುರದಲ್ಲಿ ಜನ ಕೂಡುತ್ತಾರೆ. ಚಂದ್ರ ಆ ದುಂಡಗಿನ ತೆರಪಿನ ನೇರಕ್ಕೆ ಬರುತ್ತಾನೆ, ಬೆಳದಿಂಗಳು ಕೆಳಗಿನ ಕಲ್ಲಿನ ಮೇಲೆ ಇಳಿಯುತ್ತದೆ. ಇದರ ಲೆಕ್ಕ ಹೀಗಿದೆ. ಹುಣ್ಣಿಮೆಯ ಚಂದ್ರ ಯಾವಾಗಲೂ ಸೂರ್ಯನ ಎದುರು ದಿಕ್ಕಿನಲ್ಲಿರುತ್ತಾನೆ. ಕಾರ್ತಿಕದಲ್ಲಿ ಸೂರ್ಯ ಸಮಭಾಜಕ ವೃತ್ತದಿಂದ 16ರಿಂದ 21 ಡಿಗ್ರಿಯಷ್ಟು ದಕ್ಷಿಣಕ್ಕೆ ಸರಿದಿರುತ್ತಾನೆ. ಚಂದ್ರ ಅಷ್ಟೇ ಉತ್ತರಕ್ಕೆ ಇರುತ್ತಾನೆ. ಚಂದ್ರನ ದಾರಿ ತುಸು ಓರೆಯಾದುದರಿಂದ ವರ್ಷದಿಂದ ವರ್ಷಕ್ಕೆ ಐದು ಡಿಗ್ರಿಯವರೆಗೆ ಹೆಚ್ಚು ಕಡಿಮೆ ಆಗುತ್ತದೆ. ಖಿದ್ರಾಪುರ ಇರುವುದು ಸುಮಾರು ಹದಿನಾರೂವರೆ ಡಿಗ್ರಿ ಉತ್ತರದಲ್ಲಿ. ಆದ್ದರಿಂದ ಆ ರಾತ್ರಿ ಚಂದ್ರ ಹೆಚ್ಚುಕಡಿಮೆ ನಮ್ಮ ನೆತ್ತಿಯ ಮೇಲೆಯೇ ಬರುತ್ತಾನೆ.

ಮಹಾಲಕ್ಷ್ಮಿಯ ಕಿರಣೋತ್ಸವ

ಈಗ ಕೊಲ್ಲಾಪುರದ ತಾಯಿ ಮಹಾಲಕ್ಷ್ಮಿಯ ಸನ್ನಿಧಿಗೆ ಹೋಗೋಣ. ತಾಯಿ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದಾಳೆ. ವರ್ಷದಲ್ಲಿ ಎರಡು ಸಲ, ನವೆಂಬರ್ 9, 10, 11 ಮತ್ತು ಜನವರಿ 31, ಫೆಬ್ರುವರಿ 1, 2ರಂದು ಮುಳುಗುವ ಸೂರ್ಯನ ಕಿರಣ ಮಹಾದ್ವಾರದಿಂದ ಒಳಗೆ ಬಂದು, ಗರುಡ ಮಂಟಪ ದಾಟಿ, ಗರ್ಭಗುಡಿಗೆ ಹೋಗುತ್ತದೆ. ರೂಢಿಯಂತೆ ಮೊದಲ ದಿನ ಪಾದಕ್ಕೆ, ಎರಡನೆಯ ದಿನ ಎದೆಗೆ, ಮೂರನೆಯ ದಿನ ಪೂರ್ಣ ಮೂರ್ತಿಗೆ ಕಿರಣಾಭಿಷೇಕ.

ದಿನಗಳನ್ನು ಎಣಿಸಿ ನೋಡಿರಿ. ನವೆಂಬರ್ 10ರಿಂದ ಡಿಸೆಂಬರ್ 21ಕ್ಕೆ 41 ದಿನ. ಅಲ್ಲಿಂದ ಫೆಬ್ರುವರಿ 1ಕ್ಕೆ 42 ದಿನ. ಡಿಸೆಂಬರ್ 21-22ಕ್ಕೆ ಸೂರ್ಯ ದಕ್ಷಿಣದ ತುದಿ ಮುಟ್ಟಿ ತಿರುಗುತ್ತಾನೆ. ಹೋಗುವಾಗ ಯಾವ ಜಾಗದಲ್ಲಿ ಮುಳುಗಿದ್ದನೋ, ಅಷ್ಟೇ ದಿನದ ನಂತರ ಬರುವಾಗ ಅದೇ ಜಾಗದಲ್ಲಿ ಮುಳುಗುತ್ತಾನೆ. ಆ ಜಾಗ ಸರಿಯಾದ ಪಶ್ಚಿಮದಿಂದ ಸುಮಾರು 18 ಡಿಗ್ರಿ ದಕ್ಷಿಣಕ್ಕಿದೆ. ಆ ದಿನಗಳಲ್ಲಿ ಸೂರ್ಯ ಸಮಭಾಜಕದಿಂದ ಸುಮಾರು 17 ಡಿಗ್ರಿ ದಕ್ಷಿಣದಲ್ಲಿರುತ್ತಾನೆ, ಕೊಲ್ಲಾಪುರ ಇರುವುದೂ ಸುಮಾರು 17 ಡಿಗ್ರಿ ಉತ್ತರದಲ್ಲಿ. ನವೆಂಬರಿನಲ್ಲಿ ಸೂರ್ಯ ಈ ಜಾಗಕ್ಕೆ ಬಂದಾಗ ಇತ್ತ ತಾಯಿಗೆ ಸಂಜೆಯ ಕಿರಣ, ಅದೇ ಹಂಗಾಮಿನಲ್ಲಿ ಅತ್ತ ಕೋಪೇಶ್ವರನ ಮಂಟಪಕ್ಕೆ ನಡುರಾತ್ರಿಯ ಬೆಳದಿಂಗಳು. ಎರಡು ಗುಡಿಯ ಎರಡು ಹಬ್ಬ ಒಂದೇ ಲೆಕ್ಕದ ಮೇಲೆ ನಿಂತಿವೆ.

ಆದರೆ ಈ ಕಿರಣ ಬಹಳ ಸೂಕ್ಷ್ಮ. ಮುಳುಗುವ ಸೂರ್ಯನ ಬೆಳಕು ನೆಲಕ್ಕೆ ಸಮವಾಗಿ ಬರುತ್ತದೆ. ದಾರಿಯಲ್ಲಿ ಒಂದು ಮಾಳಿಗೆ ಎದ್ದರೂ, ಒಂದು ಫಲಕ ನಿಂತರೂ, ಮೋಡ ಅಥವಾ ದೂಳು ಕವಿದರೂ ಕಿರಣ ತಾಯಿಯ ತನಕ ಮುಟ್ಟುವುದಿಲ್ಲ. ಊರು ಬೆಳೆದಂತೆ ಕಟ್ಟಡಗಳ ಅಡ್ಡಿಯ ಬಗ್ಗೆ ಕೊಲ್ಲಾಪುರದಲ್ಲಿ ಭಕ್ತರು ಚಿಂತೆ ವ್ಯಕ್ತಪಡಿಸುತ್ತ ಬಂದಿದ್ದಾರೆ. ಶತಮಾನಗಳ ಹಿಂದೆ ಹಿಡಿದ ಅಳತೆಯನ್ನು ಒಂದು ಗಚ್ಚಿನ ಗೋಡೆ ಒಂದೇ ವಾರದಲ್ಲಿ ಕೆಡಿಸಬಹುದು.

ನಮ್ಮವರ ಗಣಿತ

ಈ ವಿದ್ಯೆ ಹೊರಗಿನಿಂದ ಬಂದದ್ದೆಂದು ಯಾರೂ ತಿಳಿಯಬಾರದು. ಸುಮಾರು 850ರಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು, ಛಂದಸ್ಸು ಇವೆಲ್ಲಕ್ಕೂ ಗಣಿತ ಬೇಕೆಂದು ಅವರು ಗ್ರಂಥದ ಪ್ರಾರಂಭದಲ್ಲಿಯೇ ಹೇಳಿದ್ದಾರೆ. ಶಂಖದ ಆಕಾರ, ಮೃದಂಗದ ಆಕಾರ ಇಂಥ ಕ್ಷೇತ್ರಗಳ ಅಳತೆಯನ್ನೂ ಕೊಟ್ಟಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ಪೂವಿನಬಾಗೆಯ ರಾಜಾದಿತ್ಯ ಕನ್ನಡದಲ್ಲಿಯೇ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಗ್ರಂಥಗಳನ್ನು ರಚಿಸಿದ. ಆ ಪೂವಿನಬಾಗೆ ನಮ್ಮ ನೆರೆಯ ರಾಯಬಾಗ ಎಂದು ಕೆಲವು ವಿದ್ವಾಂಸರು ಗುರುತಿಸುತ್ತಾರೆ. ನಮ್ಮ ಮಕ್ಕಳು ಇದನ್ನು ಕೇಳಿ ತಿಳಿದಿರಬೇಕು.

ಸಮಿತಿಗೆ ನನ್ನ ಮೂರು ವಿನಂತಿ

ಮೊದಲನೆಯದು ನಮ್ಮ ಗುಡಿಯ ವಿಷಯ. ಗುಡಿಯ ಮುಂದೆ ಪತ್ರಾ ಶೆಡ್ಡು ಹಾಕುವ ಮಾತು ನಡೆದಿದೆ. ಬಿಸಿಲಿನಲ್ಲಿ ಪಾಳಿ ಹಚ್ಚಿ ನಿಲ್ಲುವ ವೃದ್ಧರು, ಬಸುರಿ ಹೆಣ್ಣುಮಕ್ಕಳು, ಎತ್ತಿಕೊಂಡ ಕೂಸುಗಳನ್ನು ನೋಡಿದರೆ ನೆರಳು ಬೇಕೇ ಬೇಕು. ನೆರಳಿಗೆ ನನ್ನ ವಿರೋಧವಿಲ್ಲ. ಆದರೆ ನಮ್ಮ ಗುಡಿ ಪೂರ್ವಾಭಿಮುಖ. ಮಾರ್ಚ್ ಮತ್ತು ಸಪ್ಟೆಂಬರಿನ ಮೂರನೆಯ ವಾರದ ಹೊತ್ತಿಗೆ ಮುಂಜಾನೆಯ ಬಿಸಿಲು ಹೊಸ್ತಿಲು ದಾಟಿ ತಾಯಿಯ ಮುಖದವರೆಗೆ ಬರುವುದನ್ನು ಪೂಜಾರಿಗಳು ದಿನವೂ ನೋಡುತ್ತಾರೆ. ಆದುದರಿಂದ ಮೊದಲು ದಾರ ಹಿಡಿಯೋಣ. ಲೆಕ್ಕ ಕಷ್ಟದ್ದಲ್ಲ. ಅಂದಾಜಿಗೆ ತಾಯಿಯ ಮುಖ ನೆಲದಿಂದ 4 ಅಡಿ, ಬಾಗಿಲಿನ ಮೇಲಿನ ಅಂಚು 6 ಅಡಿ, ಎರಡರ ನಡುವೆ 20 ಅಡಿ ಎಂದು ಇಟ್ಟುಕೊಳ್ಳಿ. ಅಂದರೆ ದಾರ 20 ಅಡಿಗೆ 2 ಅಡಿ, 10 ಅಡಿಗೆ 1 ಅಡಿ ಮೇಲೇರುತ್ತದೆ. ಅದನ್ನೇ ಬಾಗಿಲಿನಿಂದ ಹೊರಗೆ ಎಳೆದರೆ 40 ಅಡಿಯ ದೂರದಲ್ಲಿ ದಾರದ ಎತ್ತರ 10 ಅಡಿ, 50 ಅಡಿಯ ದೂರದಲ್ಲಿ 11 ಅಡಿ. ಶೆಡ್ಡಿನ ಪತ್ರಾ ಈ ದಾರದ ಮೇಲೇ ಇರಬೇಕು. 10 ಅಡಿ ಎತ್ತರದ ಶೆಡ್ಡನ್ನು 40 ಅಡಿಗೆ ನಿಲ್ಲಿಸಿದರೆ ಭಕ್ತರಿಗೆ ನೆರಳೂ ಆಯಿತು, ತಾಯಿಗೆ ಬೆಳಕೂ ಉಳಿಯಿತು. ಅದನ್ನೇ 50 ಅಡಿ ಮಾಡಿದರೆ ಮೇಲಿನ ಬೆಳಕು ಕಡಿದು ಹೋಗುತ್ತದೆ. ನಡುವೆ ಕಂಬ ನಿಲ್ಲಿಸದಂತೆಯೂ ನೋಡಿಕೊಳ್ಳಬೇಕು. ನಿಜವಾದ ಅಳತೆ ತೆಗೆದು, ಕಾಗದದ ಮೇಲೆ ಬರೆದು, ಟ್ರಸ್ಟಿನ ದಪ್ತರದಲ್ಲಿ ಇಟ್ಟ ಮೇಲೆಯೇ ಗುತ್ತಿಗೆದಾರರನ್ನು ಕರೆಯಬೇಕೆಂದು ನನ್ನ ವಿನಂತಿ. ಗುಡಿಗೆ ಬಣ್ಣ ಹಚ್ಚುವಾಗ, ಫರಸಿ ಕೂಡಿಸುವಾಗಲೂ ಇದೇ ಪದ್ಧತಿ ಇರಲಿ. ಹಳೆಯ ಕಲ್ಲಿನ ಮೇಲೆ ಎಣ್ಣೆಬಣ್ಣ ಬಳಿದರೆ ಕೆತ್ತನೆಯ ಗೆರೆ ಮುಚ್ಚಿಹೋಗುತ್ತದೆ.

ಎರಡನೆಯದು ರಂಗೋಲಿ ಸ್ಪರ್ಧೆಯ ವಿಷಯ. ಈಗ ಪೇಟೆಯಲ್ಲಿ ಅಂಟಿಸುವ ರಂಗೋಲಿ ಬಂದಿದೆ, ಜಾಳಿಗೆಯ ತಟ್ಟೆ ಬಂದಿದೆ. ಅವಸರದ ದಿನಕ್ಕೆ ಅವು ಇರಲಿ. ನಮ್ಮ ಸ್ಪರ್ಧೆಯಲ್ಲಿ ಮಾತ್ರ ಕೈಯಿಂದ ಚುಕ್ಕಿ ಇಟ್ಟವರಿಗೇ ಬಹುಮಾನ ಇರಲಿ. ಮುಂದಿನ ವರ್ಷದಿಂದ ಪ್ರತಿ ಸ್ಪರ್ಧಿ ತನ್ನ ರಂಗೋಲಿಯ ಚುಕ್ಕಿ ಎಷ್ಟು, ಎಳೆ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದುಕೊಡಲಿ. ಲೆಕ್ಕಕ್ಕೂ ಒಂದಿಷ್ಟು ಅಂಕ ಇರಲಿ. ಆ ಬಹುಮಾನದ ಸೀರೆಯನ್ನು ನನ್ನ ಅಂಗಡಿಯಿಂದ ಕೊಡುತ್ತೇನೆ.

ಮೂರನೆಯದು ತಂದೆತಾಯಿಗಳಿಗೆ. ಹೆಣ್ಣುಮಗಳಿಗೆ ಗಣಿತ ಬರುವುದಿಲ್ಲ ಎಂದು ಶಾಲೆ ಬಿಡಿಸುವ ಮೊದಲು ಅವಳ ಕೈಯನ್ನು ಒಮ್ಮೆ ನೋಡಿರಿ. ರಂಗೋಲಿ ಹಾಕುವವಳಿಗೆ, ಕಸೂತಿ ತೆಗೆಯುವವಳಿಗೆ, ರೊಟ್ಟಿಯನ್ನು ದುಂಡಗೆ ಬಡಿಯುವವಳಿಗೆ ಅಳತೆ ಗೊತ್ತು, ಸಂಖ್ಯೆ ಗೊತ್ತು. ಗಣಿತ ಕಲಿಸುವ ಗುರುಗಳು ಈ ಸಭೆಯಲ್ಲಿದ್ದಾರೆ. ನವರಾತ್ರಿ ಮುಗಿದ ಮೇಲೆ ವಾರಕ್ಕೊಂದು ಸಂಜೆ ಗುಡಿಯ ಪಡಸಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಲು ಅವರು ಮುಂದೆ ಬಂದರೆ ದೀಪ, ಚಾಪೆ, ಹಲಗೆಯ ವ್ಯವಸ್ಥೆ ಟ್ರಸ್ಟಿನಿಂದ ಆಗುವಂತೆ ನಾನು ಸಭೆಯಲ್ಲಿ ಮಂಡಿಸುತ್ತೇನೆ. ಮೊದಲ ಪಾಠ ಪುಸ್ತಕದಿಂದ ಬೇಡ, ಇದೇ ಅಂಗಳದಲ್ಲಿ ಇಟ್ಟ ಚುಕ್ಕಿಗಳಿಂದ ಪ್ರಾರಂಭವಾಗಲಿ.

ನನಗೆ ಕೊಟ್ಟ ವೇಳೆ ಮುಗಿಯಿತು, ಪ್ರಸಾದದ ಗಂಟೆಯೂ ಸಮೀಪಿಸಿದೆ. ಬಹುಮಾನ ಪಡೆದವರಿಗೂ, ಪಡೆಯದೆ ಚಂದವಾಗಿ ಚುಕ್ಕಿ ಇಟ್ಟವರಿಗೂ ನನ್ನ ಅಭಿನಂದನೆಗಳು.